ಹೇರಿದ ಲಾರಿಯ ಮೇಲೆ ಕೂತವನಿಗೆ ಹೊಣೆ ಯಾರು?

ನಮ್ಮ ಮಾರಂಡಹಳ್ಳಿ, ಪಾಲಕೋಡು, ರಾಯಕೋಟೆ ಕಡೆಯ ಒಕ್ಕಲು ಮಕ್ಕಳು ಟೊಮೇಟೊ ಕ್ರೇಟುಗಳನ್ನು ಲಾರಿಗೆ ಹೇರಿ, ಹಗ್ಗ ಬಿಗಿದು, ಕಡೆಗೆ ಅದರ ಮೇಲೆ ತಾವೇ ಹತ್ತಿ ಕೂರುವುದು ಹೊಸ ಸಂಗತಿಯೇನಲ್ಲ. ಬೆಳಗಾಗುವಷ್ಟರಲ್ಲಿ ಮಂಡಿ ಸೇರಬೇಕು, ಬಸ್ಸಿನ ಚಾರ್ಜು ಉಳಿಯಬೇಕು, ದಾರಿಯಲ್ಲಿ ಕ್ರೇಟು ಎಣಿಕೆ ತಪ್ಪಬಾರದು. ಈ ಮೂರೂ ನ್ಯಾಯವಾದ ಚಿಂತೆಗಳೇ. ಆದರೆ ಲಾರಿ ಮಗುಚಿದರೆ ಮನೆಯವರಿಗೆ ನಷ್ಟ ತುಂಬಿಕೊಡುವವರು ಯಾರು ಎಂಬ ನಾಲ್ಕನೆಯ ಚಿಂತೆಯನ್ನು ಮಾಡುವವರು ಬಹಳ ವಿರಳ. "ಲಾರಿಗೆ ಇನ್ಶೂರೆನ್ಸು ಇದೆಯಲ್ಲ" ಎಂದು ಬಿಡುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ.

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ರಸ್ತೆಯಲ್ಲಿ ಹೋಗುವ ದಾರಿಹೋಕನಿಗೆ ಲಾರಿ ಬಡಿದರೆ ವಿಮೆಯ ರಕ್ಷಣೆ ಉಂಟು. ಸರಕಿನ ಲಾರಿಯೊಳಗೆ ಇರುವವನ ಸಂಗತಿ ಬೇರೆ. 1994ರ ತಿದ್ದುಪಡಿಯಿಂದ ಸರಕಿನ ಒಡೆಯನಿಗೆ, ಇಲ್ಲವೆ ಅವನು ಒಪ್ಪಿ ಕಳುಹಿಸಿದ ಒಬ್ಬ ಪ್ರತಿನಿಧಿಗೆ ವಿಮೆ ಸಲ್ಲುತ್ತದೆ. ಬಿಟ್ಟಿಯಾಗಿ ಹತ್ತಿದವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಶಾರಾಣಿ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಆಮೇಲಿನ ತೀರ್ಪಿನಲ್ಲಿ ಇನ್ನೂ ಒಂದು ಗಂಟು ಬಿದ್ದಿತು: ಒಡೆಯನೇ ಆದರೂ ಕ್ಯಾಬಿನ್ನಿನಲ್ಲಿ ಕೂತಿರಬೇಕು, ಮೂಟೆಗಳ ಮೇಲಲ್ಲ. ನೀವು ಹೇರಲು ಇಳಿಸಲು ಕರೆದೊಯ್ಯುವ ಕೂಲಿಯಾಳುಗಳು ಲಾರಿ ಮಾಲೀಕನ ಆಳುಗಳಲ್ಲವಾದ್ದರಿಂದ ಅವರೂ ಹೊರಗೇ ಉಳಿಯುತ್ತಾರೆ. ಲಾರಿ ಮಾಲೀಕನ ಹೊಣೆ ಹಾಗೆಯೇ ನಿಲ್ಲುತ್ತದೆ, ಸರಿ. ಆದರೆ ಸಾಲದ ಮೇಲೆ ಒಂದೇ ಲಾರಿ ಓಡಿಸುವವನಿಂದ ಏನನ್ನು ವಸೂಲು ಮಾಡುತ್ತೀರಿ? ಮೊದಲು ಕಂಪನಿ ಕೊಟ್ಟು ಆಮೇಲೆ ಮಾಲೀಕನಿಂದ ಪಡೆಯಲಿ ಎಂದು ಕೋರ್ಟುಗಳು ಹೇಳಿರುವುದೂ ಉಂಟು. ಅದನ್ನು ನಂಬಿ ಮೇಲೆ ಹತ್ತುವುದು ಜಾಣತನವಲ್ಲ.

ನಮ್ಮ ಸರಕು ಸೇಲಂ ಕಡೆಗೆ ಇಳಿಯಬೇಕಾದರೆ ತೊಪ್ಪೂರು ಘಾಟಿ ದಾಟಲೇಬೇಕು. ಆ ಇಳಿಜಾರಿನಲ್ಲಿ 2020ರ ಡಿಸೆಂಬರಿನಲ್ಲಿ ಹಿಡಿತ ತಪ್ಪಿದ ಲಾರಿಯೊಂದು ಮುಂದೆ ನಿಂತಿದ್ದ ಕಾರುಗಳ ಸಾಲಿಗೇ ನುಗ್ಗಿ ನಾಲ್ವರು ಸತ್ತರು. 2024ರ ಜನವರಿಯಲ್ಲಿ ಮತ್ತೆ ಅಂಥದೇ ಅಪಘಾತ, ಮತ್ತೆ ನಾಲ್ವರು. ಚಾಲಕರಲ್ಲಿ ಕೆಲವರು ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಗೇರು ತಪ್ಪಿಸಿ ನ್ಯೂಟ್ರಲ್‌ನಲ್ಲಿ ಬಿಡುತ್ತಾರೆ. ಎತ್ತಿನ ಗಾಡಿ ಇಳಿಜಾರಿನಲ್ಲಿ ಹೋಗುವಾಗ ಎತ್ತುಗಳೇ ಹಿಂದಕ್ಕೆ ಒತ್ತಿ ತಡೆಯುವಂತೆ, ಕೆಳ ಗೇರಿನಲ್ಲಿರುವ ಇಂಜಿನ್ನು ಲಾರಿಯನ್ನು ತಡೆಯುತ್ತದೆ. ಗೇರು ತಪ್ಪಿಸಿದರೆ ಭಾರವೆಲ್ಲ ಬ್ರೇಕಿನ ಮೇಲೆಯೇ. ಡ್ರಮ್ಮು ಕಾದು, ಕಾದದ್ದು ಹಿಡಿಯದೆ, ಕೆಳಗಿನ ತಿರುವಿನಲ್ಲಿ ಚಾಲಕ ತುಳಿದದ್ದೇ ಬಂತು. ಅತಿಭಾರವಾದರೆ ಇನ್ನೂ ಕಷ್ಟ. ಅತಿಭಾರಕ್ಕೆ 2019ರ ತಿದ್ದುಪಡಿಯಲ್ಲಿ 20,000 ರೂಪಾಯಿ ದಂಡ, ಹೆಚ್ಚಾದ ಒಂದೊಂದು ಟನ್ನಿಗೂ 2,000 ರೂಪಾಯಿ. "ಇನ್ನೊಂದು ಐವತ್ತು ಕ್ರೇಟು ಹಾಕಪ್ಪ" ಎನ್ನುವವರು ನಾವೇ ಎಂಬುದನ್ನೂ ಒಪ್ಪಿಕೊಳ್ಳೋಣ. ಚಾಲಕನನ್ನು ಮಾತ್ರ ಬಯ್ಯುವುದು ನನಗೆ ಸರಿಕಾಣದು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ದಿನಕ್ಕೆ ಎಂಟು ಗಂಟೆಯ ಕೆಲಸವೆಂದು ಹೇಳುತ್ತಿತ್ತು. ಹಾಗೆ ಎಂಟೇ ಗಂಟೆ ಓಡಿಸಿ ಮಲಗುವ ಚಾಲಕನನ್ನು ನಿಮ್ಮಲ್ಲಿ ಎಷ್ಟು ಮಂದಿ ಕಂಡಿದ್ದೀರಿ?

ಅಪಘಾತವಾದ ಮೇಲೆ ನಡೆಯುವ ಒಂದು ಕೆಟ್ಟ ವಾಡಿಕೆಯನ್ನು ಹೇಳದೆ ಇರಲಾರೆ. ಹೆಣ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಯಾರೋ ನಡುವಿನವರು ಬಂದು, ಒಂದಿಷ್ಟು ನಗದು ತೋರಿಸಿ, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಒತ್ತಬೇಡಿ. ಓದಿಸದೆ ಯಾವ ಕಾಗದಕ್ಕೂ ರುಜು ಹಾಕಬೇಡಿ. ತಮಿಳು ಬರಹ ಓದಲು ಬಾರದಿದ್ದರೆ ಊರಿನ ಮೇಷ್ಟ್ರನ್ನು ಕರೆದುಕೊಂಡು ಹೋಗಿ. ಪೋಲೀಸು ದೂರಿನ ಪ್ರತಿ, ಲಾರಿಯ ನಂಬರು, ವಿಮೆಯ ವಿವರ, ಆಸ್ಪತ್ರೆಯ ಚೀಟಿಗಳು ಒಂದೆಡೆ ಇರಲಿ. ಪರಿಹಾರದ ಅರ್ಜಿಯನ್ನು ಅಪಘಾತವಾದ ಊರಿನ ಟ್ರಿಬ್ಯೂನಲ್ಲಿನಲ್ಲಿಯೇ ಹಾಕಬೇಕೆಂದಿಲ್ಲ. ಕರ್ನಾಟಕದಲ್ಲಿ ಅಪಘಾತವಾದರೂ ನೀವು ವಾಸವಾಗಿರುವ ಜಿಲ್ಲೆಯಲ್ಲಿ ಹಾಕಬಹುದು. ಗಡಿಯ ಈಚೆಯವರಾದ ನಮಗೆ ಇದು ದೊಡ್ಡ ಅನುಕೂಲ. 2022ರ ಏಪ್ರಿಲ್ 1ರಿಂದ ಆರು ತಿಂಗಳೊಳಗೆ ಅರ್ಜಿ ಎಂಬ ಗಡುವು ಬಂದಿದೆ. ಅದರ ಮೇಲಿನ ತಕರಾರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿದೆಯಾದರೂ ತಿಥಿ ಮುಗಿದೊಡನೆ ವಕೀಲರನ್ನು ಕಾಣುವುದೇ ಲೇಸು. ಹೆಂಗಸರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಪುಕ್ಕಟೆ, ಆದಾಯ ಎಷ್ಟೇ ಇರಲಿ. ಬಡಿದ ಲಾರಿ ನಿಲ್ಲದೆ ಓಡಿ, ಗುರುತು ಸಿಕ್ಕದಿದ್ದರೂ ಸರಕಾರದ ಕಡೆಯಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಉಂಟು.

ಇನ್ನು ನಮ್ಮ ಕಡೆಯ ತಪ್ಪು. ಸುಗ್ಗಿ ಬಂತೆಂದರೆ ರಾಗಿ ತೆನೆ, ಹುರುಳಿ ಬಳ್ಳಿಗಳನ್ನು ಡಾಂಬರು ರಸ್ತೆಗೆ ಹರಡಿ, ಹೋಗುವ ಗಾಡಿಗಳಿಂದ ಒಕ್ಕಣೆ ಮಾಡಿಸುತ್ತೇವೆ. ಅಂಚಿಗೆ ಕಲ್ಲುಗಳನ್ನೂ ಇಡುತ್ತೇವೆ. ಸಂಜೆ ಕಾಳು ಮನೆಗೆ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಸೊಪ್ಪಿನ ಮೇಲೆ ಜಾರಿ ಬೈಕಿನವನು ಬಿದ್ದರೆ, ರಸ್ತೆಗೆ ಅಡ್ಡಿ ಮಾಡಿದ ಹೊಣೆ ಕಾಳಿನ ಒಡೆಯನ ಮೇಲೆ ಬರುತ್ತದೆ. ಹೊಸ ನ್ಯಾಯ ಸಂಹಿತೆಯಲ್ಲಿ ಇದಕ್ಕೆ 5,000 ರೂಪಾಯಿವರೆಗೆ ದಂಡವಿದೆ. ಹಿಂದೀಪವಿಲ್ಲದೆ ಕತ್ತಲಲ್ಲಿ ಹೋಗುವ ನಮ್ಮ ಟ್ರ್ಯಾಕ್ಟರು ಟ್ರೈಲರುಗಳ ಮಾತು ಹೇಳಲೇಬೇಕಿಲ್ಲ. ಕೆಂಪು ಹೊಳಪಿನ ಪಟ್ಟಿ ಅಂಟಿಸಲು ಆಗುವ ಖರ್ಚು ಒಂದು ಕ್ರೇಟಿನ ಬೆಲೆಯೂ ಅಲ್ಲ.

ಕಣ ಮಾಡಲು ಜಾಗವಿಲ್ಲವೆಂದು ಒಕ್ಕಲುಗಳು ಹೇಳುವುದು ಸುಳ್ಳಲ್ಲ. ಹಳೆಯ ಕಣಗಳೆಲ್ಲ ಮನೆಗಳಾಗಿವೆ. ಊರಿಗೊಂದು ಸಿಮೆಂಟು ಕಣ ಕಟ್ಟಿಸಿಕೊಡಿರೆಂದು ಮುಂದಿನ ಗ್ರಾಮಸಭೆಯಲ್ಲಿ ಬರೆದು ಕೇಳಬೇಕು. ಹುರುಳಿ ಕೀಳುವುದಕ್ಕೆ ಮುಂಚೆಯೇ ಕೇಳಬೇಕು.