‘ಇವತ್ತು ಬೇಡ ಸರ್’ ಅನ್ನುವ ಪೈಲಟ್‌ಗೆ ಬೆನ್ನಾಗಿ ನಿಲ್ಲಿ

ಚಿಕ್ಕ ವಿಮಾನವನ್ನು ಬಾಡಿಗೆಗೆ ಹಿಡಿಯುವವರು ಮೊದಲು ಕೇಳುವುದು ಇದನ್ನೇ: ‘ಎರಡು ಎಂಜಿನ್ ಇದೆ ತಾನೆ?’ ಇದೆ ಅಂದ ಕೂಡಲೇ ಮನಸ್ಸು ನಿರಾಳ. ಒಂದು ಕೈಕೊಟ್ಟರೂ ಇನ್ನೊಂದು ಊರು ಮುಟ್ಟಿಸುತ್ತದೆ ಎಂಬ ಧೈರ್ಯ. ಆ ಧೈರ್ಯದ ಮೇಲೆಯೇ ರಾಜಕಾರಣಿಗಳು, ಉದ್ಯಮಿಗಳು, ಆಂಬುಲೆನ್ಸ್ ವಿಮಾನದಲ್ಲಿ ರೋಗಿಯ ಪಕ್ಕ ಕೂತ ಮನೆಯವರು ಮೋಡದೊಳಕ್ಕೆ ಹೊರಟುಬಿಡುತ್ತಾರೆ. ಆ ಧೈರ್ಯದಲ್ಲಿ ಅರ್ಧ ಸುಳ್ಳಿದೆ, ಆ ಸುಳ್ಳಿಗೆ ಜೀವಗಳು ಹೋಗಿವೆ.

1972ರ ಅಕ್ಟೋಬರ್ 16ರ ಬೆಳಿಗ್ಗೆ ಅಲಾಸ್ಕಾದ ಆಂಕರೇಜ್‌ನಿಂದ ಜೂನೊ ಪಟ್ಟಣಕ್ಕೆ ಒಂದು ಸೆಸ್ನಾ 310 ಹೊರಟಿತು. ಎರಡು ಎಂಜಿನ್, ನಾಲ್ಕು ಜನ. ಅಮೆರಿಕದ ಕೆಳಮನೆಯಲ್ಲಿ ಬಹುಮತ ಪಕ್ಷದ ನಾಯಕರಾಗಿದ್ದ ಹೇಲ್ ಬಾಗ್ಸ್, ಅಲಾಸ್ಕಾದ ಸಂಸದ ನಿಕ್ ಬೆಗಿಚ್, ಬೆಗಿಚರ ಸಹಾಯಕ, ಮತ್ತು ಪೈಲಟ್. ಚುನಾವಣೆಗೆ ಉಳಿದದ್ದು ಮೂರು ವಾರ. ಬೆಗಿಚರ ಪ್ರಚಾರಕ್ಕೆಂದೇ ಬಾಗ್ಸ್ ಅಷ್ಟು ದೂರ ಬಂದಿದ್ದರು. ದಾರಿಯ ಹವಾಮಾನ ಕೆಟ್ಟಿದೆ, ಮೋಡದಲ್ಲಿ ರೆಕ್ಕೆಗೆ ಮಂಜುಗಡ್ಡೆ ಕಟ್ಟಬಹುದು ಎಂಬ ಮುನ್ಸೂಚನೆ ಇತ್ತು. ಪೈಲಟ್ ಹೊಸಬರೇನಲ್ಲ. ಸಾವಿರಾರು ಗಂಟೆ ಹಾರಿದವರು, ಮಂಜುಗಡ್ಡೆಗೆ ಅಂಜಬೇಕಿಲ್ಲ ಎಂಬ ಧಾಟಿಯಲ್ಲಿ ಅದೇ ವರ್ಷ ವಿಮಾನಯಾನ ಪತ್ರಿಕೆಯೊಂದಕ್ಕೆ ಲೇಖನ ಬರೆದವರು. 39 ದಿನ ಹುಡುಕಿದರು. ತುರ್ತು ಬೀಕನ್ನಿನ ಸದ್ದು ಕೇಳಲಿಲ್ಲ, ಒಂದು ತಗಡಿನ ಚೂರೂ ಸಿಗಲಿಲ್ಲ. ಕಾಣೆಯಾಗಿದ್ದ ಸಂಸದರಿಬ್ಬರೂ ನವೆಂಬರಿನ ಚುನಾವಣೆಯಲ್ಲಿ ಗೆದ್ದರು! ಆ ವಿಮಾನ ಇವತ್ತಿಗೂ ಸಿಕ್ಕಿಲ್ಲ. ಹೀಗಾಗಿ ಅದಕ್ಕೆ ಏನಾಯಿತೆಂದು ಯಾರೂ ಖಚಿತವಾಗಿ ಹೇಳಲಾರರು. ಆದರೆ ಅಂಥ ಆಕಾಶಕ್ಕೆ ಅಂಥ ವಿಮಾನ ಹೊರಟದ್ದು ಯಾಕೆ ಎಂದು ಕೇಳುವ ಹಕ್ಕು ನಮಗಿದೆ.

ಎರಡು ಎಂಜಿನ್ನಿನ ಲೆಕ್ಕವನ್ನು ಒಮ್ಮೆ ನೋಡಿ. ಒಂದು ನಿಂತರೆ ಅರ್ಧ ಶಕ್ತಿ ಹೋಗುತ್ತದೆ ನಿಜ, ಆದರೆ ಮೇಲೇರುವ ಸಾಮರ್ಥ್ಯದಲ್ಲಿ ಶೇ 80ರಷ್ಟೋ ಅದಕ್ಕೂ ಹೆಚ್ಚೋ ಹೋಗಿಬಿಡುತ್ತದೆ. ಮಟ್ಟವಾಗಿ ಹಾರಲು ಬೇಕಾದ ಶಕ್ತಿಯನ್ನು ಕಳೆದು ಮಿಕ್ಕಿದ್ದರಲ್ಲೇ ವಿಮಾನ ಮೇಲೇರಬೇಕು, ಮಿಗುವುದೇ ಅಷ್ಟು. ನಿಂತ ಎಂಜಿನ್ನಿನ ಪ್ರೊಪೆಲ್ಲರ್ ಗಾಳಿಗೆ ಸುಮ್ಮನೆ ತಿರುಗುತ್ತ ವಿಮಾನವನ್ನು ಹಿಂದಕ್ಕೆ ಜಗ್ಗುತ್ತದೆ, ಮೂಗು ಆ ಕಡೆಗೇ ವಾಲುತ್ತದೆ. ವೇಗ ಡಯಲ್ಲಿನ ಕೆಂಪು ಗೆರೆಗಿಂತ ಕೆಳಗಿಳಿದರೆ ರಡ್ಡರ್ ಎಷ್ಟು ತುಳಿದರೂ ಸಾಲದು, ವಿಮಾನ ಮಗುಚಿಕೊಳ್ಳುತ್ತದೆ. ಯಾವ ಎಂಜಿನ್ ಸತ್ತಿದೆ ಎಂದು ಗುರುತಿಸಿ, ಇನ್ನೊಮ್ಮೆ ಖಚಿತಪಡಿಸಿಕೊಂಡು, ಪ್ರೊಪೆಲ್ಲರಿನ ಅಲಗುಗಳನ್ನು ಗಾಳಿಗೆ ಅಂಚು ಮಾಡಿ ನಿಲ್ಲಿಸಲು ಕೆಲವೇ ಸೆಕೆಂಡು ಸಿಗುತ್ತವೆ. 2015ರ ಫೆಬ್ರವರಿಯಲ್ಲಿ ತೈಪೆಯಲ್ಲಿ ದೊಡ್ಡ ಎಟಿಆರ್ ವಿಮಾನವೊಂದರ ಪೈಲಟ್ ಆ ಗಡಿಬಿಡಿಯಲ್ಲಿ ಸರಿಯಿದ್ದ ಎಂಜಿನ್ನನ್ನೇ ಆರಿಸಿದರು. 43 ಜನ ಸತ್ತರು. ಇನ್ನೊಂದು ಮಾತು ಪ್ರಯಾಣಿಕರಿಗೆ ಯಾರೂ ಹೇಳುವುದಿಲ್ಲ: ಸುಮಾರು 2,700 ಕಿಲೋ ತೂಕದೊಳಗಿನ, ನಿಧಾನ ವೇಗದಲ್ಲೂ ಹಾರಬಲ್ಲ ಹಳೆಯ ಅವಳಿ ಎಂಜಿನ್ ವಿಮಾನಗಳು ಒಂದೇ ಎಂಜಿನ್ನಿನಲ್ಲಿ ಮೇಲೇರಲೇಬೇಕು ಎಂಬ ನಿಯಮವೇ ಅಮೆರಿಕದಲ್ಲಿ ಇರಲಿಲ್ಲ.

ಇದು ಬರೀ ಒಂದು ಎಂಜಿನ್ನಿನ ಕಾಯಿಲೆಯ ಮಾತಾಯಿತು. ಚಳಿ ಹಾಗೆ ಒಂದನ್ನು ಆರಿಸಿಕೊಂಡು ಬರುವುದಿಲ್ಲ. ಎರಡೂ ಎಂಜಿನ್ ಎಳೆಯುವುದು ಅದೇ ಹೆಪ್ಪುಗಟ್ಟುವ ಗಾಳಿಯನ್ನು. ಎರಡಕ್ಕೂ ಪೆಟ್ರೋಲ್ ತುಂಬಿದ್ದು ಒಂದೇ ಟ್ಯಾಂಕರಿನಿಂದ, ಅದರಲ್ಲಿ ನೀರು ಬೆರೆತಿದ್ದರೆ ಎರಡಕ್ಕೂ ಹೋಗುತ್ತದೆ. ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿಳಿದ ರಾತ್ರಿ ಬಯಲಲ್ಲಿ ನಿಂತ ಎಂಜಿನ್ನಿನಲ್ಲಿ ಆಯಿಲ್ ಗಟ್ಟಿಯಾಗಿ ಬೇರಿಂಗಿಗೆ ತಲುಪುವುದೇ ಇಲ್ಲ. ಬಿಸಿಗಾಳಿ ಊದಿ ಕಾಯಿಸದೆ ಚಾಲೂ ಮಾಡಿದರೆ ಆದ ಗಾಯ ಆಗ ಕಾಣದೆ ಆಮೇಲೆ ಆಕಾಶದಲ್ಲಿ ಕಾಣುತ್ತದೆ. ಎಂಜಿನ್ ಉಸಿರಾಡುವ ಬ್ರೀದರ್ ಕೊಳವೆಯಲ್ಲಿ ತೇವ ಹೆಪ್ಪುಗಟ್ಟಿದರೆ ಒಳಗೆ ಒತ್ತಡ ಏರಿ ಸೀಲ್ ಹಾರಿ ಆಯಿಲ್ ಸೋರಿಹೋಗುತ್ತದೆ. ರೆಕ್ಕೆಯ ಮೇಲೆ ಉಪ್ಪುಕಾಗದದಷ್ಟು ಒರಟಾದ ಹಿಮದ ತೆಳು ಪದರವೊಂದೇ ಎತ್ತುವ ಬಲವನ್ನು ಶೇ 30ರಷ್ಟು ಕುಗ್ಗಿಸಬಲ್ಲದು. ಇದೆಲ್ಲ ಹಿಮದ ನಾಡಿನ ಸಂಗತಿ ಅಂದುಕೊಳ್ಳಬೇಡಿ. ಕಾರ್ಬುರೇಟರ್ ಇರುವ ಎಂಜಿನ್ನಿನಲ್ಲಿ ತೇವ ತುಂಬಿದ ಗಾಳಿ 20 ಡಿಗ್ರಿ ಇದ್ದಾಗಲೂ ಮಂಜುಗಡ್ಡೆ ಕಟ್ಟುತ್ತದೆ. ನಮ್ಮ ಮಲೆನಾಡಿನ ಹಿತವಾದ ಬೆಳಗಿನ ಹವೆ ಅದು.

ಈ ಅಪಾಯಗಳಿಗೆ ಎರಡನೆಯ ಎಂಜಿನ್ ಮದ್ದಲ್ಲ. ಮದ್ದು ಇರುವುದು ನೆಲದ ಮೇಲೆ, ಒಬ್ಬ ಮನುಷ್ಯನ ಕೈಯಲ್ಲಿ. ಹೊರಡುವ ಮುನ್ನ ಒಳ್ಳೆಯ ಪೈಲಟ್ ರೆಕ್ಕೆಯಡಿ ಬಗ್ಗಿ, ಪಾರದರ್ಶಕ ಬಟ್ಟಲಿಗೆ ಒಂದಿಷ್ಟು ಪೆಟ್ರೋಲ್ ಇಳಿಸಿ ಬೆಳಕಿಗೆ ಹಿಡಿಯುತ್ತಾನೆ. ನೀಲಿ ಪೆಟ್ರೋಲಿನ ತಳದಲ್ಲಿ ಬಣ್ಣವಿಲ್ಲದ ಹನಿಯೊಂದು ಉರುಳಾಡಿದರೆ ಅದು ನೀರು. ಚೆಲ್ಲುತ್ತಾನೆ, ಮತ್ತೆ ಇಳಿಸುತ್ತಾನೆ, ಮತ್ತೆ ನೋಡುತ್ತಾನೆ. ಗ್ಲವ್ಸ್ ಕಳಚಿ ರೆಕ್ಕೆಯ ಮುಂದಿನ ಅಂಚನ್ನು ಬರಿಗೈಯಿಂದ ಸವರುತ್ತಾನೆ, ಕಣ್ಣಿಗೆ ಕಾಣದ ಹಿಮದ ಪದರ ಬೆರಳಿಗೆ ಸಿಗುತ್ತದೆ. ಇದಕ್ಕೆಲ್ಲ ಹೊತ್ತು ಬೇಕು. ಆ ಹೊತ್ತಿನಲ್ಲಿ ಹಿಂದಿನ ಸೀಟಿನವರು ಗಡಿಯಾರ ನೋಡುತ್ತಾರೆ. ‘ಎಷ್ಟೊತ್ತಪ್ಪಾ, ಅಲ್ಲಿ ಜನ ಕಾಯ್ತಿದಾರೆ’ ಅನ್ನುತ್ತಾರೆ. ಆ ಮಾತು ಎಂಥ ಭಾರದ್ದೆಂದು ಅವರಿಗೆ ಗೊತ್ತಿದೆಯೇ?

2001ರ ಸೆಪ್ಟೆಂಬರ್ 30ರಂದು ಕಾಂಗ್ರೆಸ್ ನಾಯಕ ಮಾಧವರಾವ್ ಸಿಂಧಿಯಾ ಕಾನ್ಪುರದ ಸಭೆಗೆ ಹೊರಟಿದ್ದ ವಿಮಾನವೂ ಎರಡು ಎಂಜಿನ್ನಿನದೇ. ಕೆಟ್ಟ ಹವಾಮಾನದಲ್ಲಿ ಮೈನ್‌ಪುರಿ ಬಳಿ ಬಿತ್ತು. ಎಂಟು ಜನ ಹೋದರು.

ಹವಾಮಾನ ಚೆನ್ನಾಗಿದ್ದರೂ ಎತ್ತರ ಸಾಲದಿದ್ದರೆ ಏನಾಗುತ್ತದೆಂದು ನಮ್ಮ ಬಿಡದಿಯ ಮಣ್ಣಿಗೆ ಗೊತ್ತು. 2009ರ ಮಾರ್ಚ್ 6ರಂದು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ಕಟ್ಟಿದ ಸರಸ್ ವಿಮಾನದಲ್ಲಿ ಒಂದು ಎಂಜಿನ್ನನ್ನು ಆಕಾಶದಲ್ಲೇ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ನಡೆದಿತ್ತು. ವಿಮಾನ ಹತೋಟಿ ತಪ್ಪಿ ಬಿತ್ತು, ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ಬಿಟ್ಟರು. ಹೊತ್ತಿಸುವ ವಿಧಾನವನ್ನು ರೂಪಿಸಿದ್ದೇ ಸರಿಯಿರಲಿಲ್ಲ, ಎತ್ತರವೂ ಸಾಲದಾಗಿತ್ತು ಎಂದಿತು ತನಿಖೆ. ಕಾಕ್‌ಪಿಟ್‌ನಲ್ಲಿ ಕೂತವರಷ್ಟೇ ಹೊಣೆ ನೆಲದ ಮೇಲೆ ಕೂತು ಕಾಗದ ಬರೆಯುವವರದೂ ಹೌದು.

ವಿಮಾನದ ಮಾಲೀಕರೇ, ಹಾರಲು ಒಪ್ಪದ ದಿನ ಪೈಲಟ್‌ನ ಸಂಬಳಕ್ಕೆ ಕೈ ಹಾಕಬೇಡಿ, ಮುಂದಿನ ಪಾಳಿಯಿಂದ ಹೆಸರು ತೆಗೆಯಬೇಡಿ. ಅಮೆರಿಕ, ಕೆನಡಾಗಳಲ್ಲಿ ಹಾರಲು ಕಲಿಯುತ್ತಿರುವ ನಮ್ಮೂರ ಹುಡುಗ ಹುಡುಗಿಯರೇ, ಅವಳಿ ಎಂಜಿನ್ನಿನ ಲೈಸೆನ್ಸು ಕೈಗೆ ಬಂದಮೇಲೂ ಒಂದು ಎಂಜಿನ್ ನಿಲ್ಲಿಸಿದ ಅಭ್ಯಾಸವನ್ನು ಒಳ್ಳೆಯ ಗುರುವಿನ ಪಕ್ಕ ಕೂತು ಮತ್ತೆ ಮತ್ತೆ ಮಾಡಿ, ಸಾಕಷ್ಟು ಎತ್ತರದಲ್ಲಿ ಮಾಡಿ. ಅಪ್ಪ ಅಮ್ಮ ಸಾಲ ಮಾಡಿ ಕಳಿಸಿದ್ದಾರೆ, ಬೇಗ ಗಂಟೆಗಳನ್ನು ತುಂಬಿಸಬೇಕು ಎಂಬ ಅವಸರ ನಿಮಗಿದೆ ಎಂದು ಬಲ್ಲೆ. ಆ ಅಪ್ಪ ಅಮ್ಮನಿಗೆ ಬೇಕಾದದ್ದು ನೀವು.

ಹಿಂದಿನ ಸೀಟಿನವರೇ, ಸಾಹೇಬರೇ, ಡಾಕ್ಟರೇ, ಪಕ್ಷದ ಕಾರ್ಯಕರ್ತರೇ: ಪೈಲಟ್ ಬಂದು ‘ಇವತ್ತು ಬೇಡ ಸರ್’ ಅಂದರೆ ಚೌಕಾಸಿಗೆ ನಿಲ್ಲಬೇಡಿ. ಬ್ಯಾಗು ಇಳಿಸಿಕೊಳ್ಳಿ, ರೈಲೋ ಕಾರೋ ಹಿಡಿಯಿರಿ. ಹೊರಡುವ ಮುನ್ನ ಆ ಪೈಲಟ್‌ನ ಎದುರಿಗೇ ಅವನ ಮಾಲೀಕರಿಗೆ ಫೋನ್ ಮಾಡಿ, ಇವರು ಮಾಡಿದ್ದು ಸರಿ ಎಂದು ನಿಮ್ಮ ಬಾಯಿಂದ ಹೇಳಿ.