ಆಕ್ಷೇಪಿಸಿದವನಿಗೆ ಮೇಲ್ಮನವಿ ಇಲ್ಲವೇ?

ಮುಂಬಯಿಗರು 'ಡಿ.ಪಿ.' ಎಂದು ಕರೆಯುವ ಅಭಿವೃದ್ಧಿ ಯೋಜನೆ ಬರೇ ಬಣ್ಣ ಬಳಿದ ನಕಾಶೆಯಲ್ಲ. ಮುಂದಿನ ಇಪ್ಪತ್ತು ವರ್ಷ ಯಾವ ನಿವೇಶನ ಶಾಲೆಗೆ, ಯಾವುದು ಆಟದ ಬಯಲಿಗೆ, ಯಾವ ಚಾಳಿನ ಮೇಲೆ ರಸ್ತೆ ಹಾಯಬೇಕು ಎಂಬುದೆಲ್ಲ ಅದರಲ್ಲಿ ನಿಶ್ಚಯವಾಗುತ್ತದೆ. ಹೊಟೇಲು, ಕಾರ್ಖಾನೆ, ಬ್ಯಾಂಕು, ಸರಕಾರಿ ಕಚೇರಿಗಳನ್ನು ನಂಬಿ ಈ ಮಹಾನಗರಕ್ಕೆ ಬಂದು, ಗೋರೆಗಾಂವ್‌ನಂಥ ಉಪನಗರಗಳಲ್ಲಿ ನೆಲೆ ಕಂಡುಕೊಂಡ ಕನ್ನಡಿಗರಿಗೂ ಇದು ಮನೆಯ ಬಾಗಿಲಿನ ಪ್ರಶ್ನೆ. ಆದರೂ ನಮ್ಮ ಸಂಘಗಳ ವೇದಿಕೆಗಳಲ್ಲಿ ಈ ವಿಷಯ ಚರ್ಚೆಗೆ ಬರುವುದು ತೀರ ವಿರಳ. ಅದು ಸ್ಥಳೀಯರ ರಾಜಕಾರಣ, ಹೊರನಾಡಿನವರಾದ ನಮಗೇಕೆ ಎಂಬ ಸಂಕೋಚ ಇನ್ನೂ ಅಳಿದಿಲ್ಲ. ಮೂರು ತಲೆಮಾರು ತೆರಿಗೆ ತೆತ್ತ ಮೇಲೂ ನಾವು ಅತಿಥಿಗಳೇ?

1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆ ಈ ವಿಷಯದ ಮೂಲ ಶಾಸನ. ಅದರ 26ನೆಯ ಕಲಮಿನಂತೆ ಕರಡು ಯೋಜನೆಯನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪ, ಸೂಚನೆಗಳನ್ನು ಕರೆಯಬೇಕು. 28ನೆಯ ಕಲಮಿನಂತೆ ಸ್ಥಾಯಿ ಸಮಿತಿಯ 3 ಸದಸ್ಯರು ಮತ್ತು ಸರಕಾರ ನೇಮಿಸಿದ ತಜ್ಞರು ಕೂಡಿದ ಯೋಜನಾ ಸಮಿತಿ ಅವುಗಳ ಅಹವಾಲು ಕೇಳಬೇಕು. ಕೊನೆಗೆ 31ನೆಯ ಕಲಮಿನಂತೆ ರಾಜ್ಯ ಸರಕಾರ ಮಂಜೂರಾತಿ ನೀಡುತ್ತದೆ. ಮುಂಬಯಿಯ ಮೊದಲ ಯೋಜನೆ 1967ರಲ್ಲಿಯೂ ಎರಡನೆಯದು 1991ರಿಂದ 1994ರ ವರೆಗೆ ಕಂತುಕಂತಾಗಿಯೂ ಮಂಜೂರಾದವು. ಈಗ ಜಾರಿಯಲ್ಲಿರುವ 2034ರ ಯೋಜನೆಗೆ ಅಂಗೀಕಾರ ದೊರೆತದ್ದು 2018ರ ಮೇ ತಿಂಗಳಲ್ಲಿ.

ಈ ಮೂರನೆಯ ಯೋಜನೆಯ ಇತಿಹಾಸ ಮನನಯೋಗ್ಯ. 2015ರ ಫೆಬ್ರವರಿಯಲ್ಲಿ ಪ್ರಕಟವಾದ ಮೊದಲ ಕರಡಿನಲ್ಲಿ ನಿಂತ ಕಟ್ಟಡಗಳ ಮೇಲೆಯೇ ರಸ್ತೆಗಳು ಹಾದಿದ್ದವು. ಪಾರಂಪರಿಕ ವಾಸ್ತುಗಳು ಪಟ್ಟಿಯಿಂದ ಮಾಯವಾಗಿದ್ದವು. ಕೆಲವೆಡೆ 8ರ ವರೆಗೆ ಎಫ್.ಎಸ್.ಐ. ಸೂಚಿಸಲಾಗಿತ್ತು. ನಮ್ಮ ಗೋರೆಗಾಂವ್‌ನ ಆರೆ ಕಾಲನಿಯ ಹಸಿರನ್ನು ಕಟ್ಟಡಗಳಿಗೆ ತೆರೆಯುವ ಪ್ರಸ್ತಾವವೂ ಅದರಲ್ಲಿತ್ತು. ಹತ್ತಾರು ಸಾವಿರ ಆಕ್ಷೇಪಗಳು ಹರಿದುಬಂದವು. ಏಪ್ರಿಲಿನಲ್ಲಿ ಅಂದಿನ ಮುಖ್ಯಮಂತ್ರಿ ದೇವೇಂದ್ರ ಫಡಣವೀಸರು ಕರಡನ್ನು ತಿದ್ದಿ ಮತ್ತೆ ರಚಿಸಲು ಆಜ್ಞಾಪಿಸಿದರು. ಪರಿಷ್ಕೃತ ಕರಡು ಬಂದದ್ದು 2016ರ ಮೇ ತಿಂಗಳಲ್ಲಿ. ಸಾಮಾನ್ಯ ನಾಗರಿಕ ಬರೆದ ಒಂದು ಪುಟದ ಅರ್ಜಿಗೂ ಬೆಲೆಯುಂಟೆಂದು ಆ ವರ್ಷ ಸಿದ್ಧವಾಯಿತು.

ಆದರೆ ಈ ಬೆಲೆ ಕರಡಿನ ಹಂತಕ್ಕಷ್ಟೇ ಸೀಮಿತ. ಯೋಜನೆ ಮಂಜೂರಾದ ಮೇಲೆ ಅದನ್ನು ತುಂಡುತುಂಡಾಗಿ ಬದಲಿಸುವ ಅಧಿಕಾರವನ್ನು 37ನೆಯ ಕಲಮು ಕೊಡುತ್ತದೆ. ಆರೆಯ ಒಂದು ಭಾಗವನ್ನು ಅಭಿವೃದ್ಧಿ ನಿಷಿದ್ಧ ವಲಯದಿಂದ ತೆಗೆದು ಮೆಟ್ರೋ ಕಾರ್ ಶೆಡ್ಡಿಗೆ ಒದಗಿಸಿದ್ದು 2017ರ ಆಗಸ್ಟಿನ ಇಂಥ ಒಂದು ಅಧಿಸೂಚನೆ. ಇಲ್ಲಿ ಬದಲಾವಣೆ ಬಯಸಿದ್ದೂ ಸರಕಾರ, ಆಕ್ಷೇಪ ಆಲಿಸಿದ್ದೂ ಸರಕಾರ, ತೀರ್ಮಾನವಿತ್ತದ್ದೂ ಸರಕಾರ. ವಿರೋಧಿಸಿದವರಿಗೆ ನ್ಯಾಯಾಲಯವೊಂದೇ ಉಳಿಯಿತು. 2019ರ ಅಕ್ಟೋಬರ್ 4ರಂದು ಮುಂಬಯಿ ಉಚ್ಚ ನ್ಯಾಯಾಲಯ ಮರಗಳ ಕುರಿತ ಅರ್ಜಿಗಳನ್ನು ವಜಾ ಮಾಡಿತು. ಅಂದೇ ರಾತ್ರಿ ಕೊಡಲಿ ಬಿತ್ತು. 7ರಂದು ಸರ್ವೋಚ್ಚ ನ್ಯಾಯಾಲಯ ತಡೆಯುವಷ್ಟರಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಮರಗಳು ಉರುಳಿದ್ದವು. ಮೆಟ್ರೋ ಬೇಡವೆಂದು ನಾನು ಹೇಳುತ್ತಿಲ್ಲ. ಇಂದು ಆ ರೈಲು ಓಡುತ್ತಿದೆ, ನಮ್ಮವರೇ ಸಾವಿರಾರು ಮಂದಿ ಅದರಲ್ಲಿ ಪ್ರಯಾಣಿಸುತ್ತಾರೆ. ಕೊಡಲಿಗೆ ಮೊದಲು ನಿಷ್ಪಕ್ಷಪಾತಿಯಾದ ಒಂದು ಪೀಠದ ಮುಂದೆ ವಾದ ಪೂರ್ಣಗೊಳ್ಳುವ ದಾರಿ ಕಾಯಿದೆಯಲ್ಲಿಯೇ ಏಕಿಲ್ಲ ಎಂಬುದು ನನ್ನ ಪ್ರಶ್ನೆ.

ಮೇಲ್ಮನವಿಯ ವಿಚಾರಕ್ಕೆ ಬಂದರೆ ಈ ಕೊರತೆ ಇನ್ನೂ ಸ್ಪಷ್ಟ. ಕಟ್ಟಡದ ಪರವಾನಗಿ ನಿರಾಕರಿಸಲ್ಪಟ್ಟವನು, ಇಲ್ಲವೆ ಷರತ್ತುಗಳಿಗೆ ಒಳಗಾದವನು, 47ನೆಯ ಕಲಮಿನಂತೆ 40 ದಿನಗಳೊಳಗೆ ರಾಜ್ಯ ಸರಕಾರಕ್ಕೆ ಅಥವಾ ಅದು ನೇಮಿಸಿದ, ಉಪಕಾರ್ಯದರ್ಶಿಗಿಂತ ಕೆಳಗಿನವನಲ್ಲದ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಈ ಹಕ್ಕು ಅರ್ಜಿದಾರನಿಗೆ ಮಾತ್ರ. ಪಕ್ಕದ ಸೊಸೈಟಿಯವನ ಗಾಳಿ ಬೆಳಕು ಹೋಗಲಿ, ಮಕ್ಕಳ ಬಯಲು ಹೋಗಲಿ, ಪರವಾನಗಿ ಕೊಟ್ಟದ್ದು ತಪ್ಪೆಂದು ಹೇಳಲು ಅವನಿಗೆ ಈ ಕಲಮಿನಲ್ಲಿ ಸ್ಥಾನವಿಲ್ಲ. ಕಡತಗಳ ನಡುವೆಯೇ ಮೂರು ದಶಕ ಸೇವೆ ಸಲ್ಲಿಸಿದ ನನಗೆ ತಿಳಿದಿರುವ ಸರಳ ಸತ್ಯವೊಂದಿದೆ: ಕಡತದಲ್ಲಿ ಒಂದೇ ಪಕ್ಷದ ಕಾಗದವಿದ್ದರೆ ಟಿಪ್ಪಣಿ ಬರೆಯುವ ಪ್ರಾಮಾಣಿಕ ಅಧಿಕಾರಿಯೂ ಒಂದೇ ಪಕ್ಷವನ್ನು ಕಾಣುತ್ತಾನೆ.

ಎಲ್ಲರಿಗೂ ಮೇಲ್ಮನವಿ ಕೊಟ್ಟರೆ ಪುನರ್ನಿರ್ಮಾಣವೇ ನಿಂತೀತು, ಸೋರುವ ಮಾಳಿಗೆಯ ಕೆಳಗಿರುವ ಬಡವರ ಗತಿಯೇನು ಎಂದು ಕೇಳುವವರಿದ್ದಾರೆ. ಆ ಕಾಳಜಿ ಪೊಳ್ಳಲ್ಲ. ಆದರೆ ವಿಳಂಬದ ಮೂಲ ನೆರೆಯವನ ಅರ್ಜಿಯೇ? 'ಪತ್ರಾ ಚಾಳ್' ಎಂದು ಹೆಸರಾದ ಗೋರೆಗಾಂವ್‌ನ ಸಿದ್ಧಾರ್ಥನಗರದ 672 ಕುಟುಂಬಗಳು 2008ರ ಒಪ್ಪಂದವನ್ನು ನಂಬಿ ಮನೆ ತೆರವು ಮಾಡಿ, ಒಂದೂವರೆ ದಶಕಕ್ಕೂ ಹೆಚ್ಚು ಕಾದವು. ಅವರನ್ನು ಕಾಯಿಸಿದ್ದು ಯಾವ ನೆರೆಯವನ ಮೇಲ್ಮನವಿಯೂ ಅಲ್ಲ. ಐರ್ಲೆಂಡಿನಲ್ಲಿ 1977ರಿಂದಲೂ ಪ್ರತ್ಯೇಕ ಮೇಲ್ಮನವಿ ಮಂಡಳಿಯಿದೆ. ಮೊದಲ ಹಂತದಲ್ಲಿ ಲಿಖಿತ ಆಕ್ಷೇಪ ಸಲ್ಲಿಸಿದವನು ಯಾರೇ ಇರಲಿ, ನಾಲ್ಕು ವಾರಗಳೊಳಗೆ ಅಲ್ಲಿಗೆ ಹೋಗಬಹುದು. ವಿಳಂಬದ ದೂರು ಅಲ್ಲಿಯೂ ಕೇಳಿಬಂತು. ಅದಕ್ಕೆ 2024ರ ಅವರ ಹೊಸ ಕಾಯಿದೆ ತೀರ್ಪಿಗೆ ಕಾಲಮಿತಿಗಳನ್ನು ಗೊತ್ತುಪಡಿಸಿತೇ ಹೊರತು ನೆರೆಯವನ ಬಾಗಿಲು ಮುಚ್ಚಲಿಲ್ಲ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ತನ್ನ ಹನ್ನೆರಡನೆಯ ಅನುಸೂಚಿಯಲ್ಲಿ ನಗರ ಯೋಜನೆಯನ್ನು ಪಾಲಿಕೆಗಳ ಮೊದಲ ವಿಷಯವನ್ನಾಗಿ ಇರಿಸಿತು. ಆದರೆ ನಮ್ಮ ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದು, 2026ರ ಜನವರಿಯ ಚುನಾವಣೆಯ ವರೆಗೆ ನಗರಸೇವಕರೇ ಇರಲಿಲ್ಲ. ಆ ಕಾಲದಲ್ಲಿ ಯೋಜನೆಯ ಬದಲಾವಣೆಗಳನ್ನು ಸಭೆಯಲ್ಲಿ ಪ್ರಶ್ನಿಸಬಲ್ಲ ಒಬ್ಬ ಜನಪ್ರತಿನಿಧಿಯೂ ಇಲ್ಲದೆ ಹೋದುದನ್ನು ಮರೆಯಲಾಗದು.

ಆದುದರಿಂದ ಬೇಡಿಕೆಗಳು ಮೂರು. ಮೇಲ್ಮನವಿಗೆ ಸರಕಾರದಿಂದ ಪ್ರತ್ಯೇಕವಾದ ನ್ಯಾಯಮಂಡಳಿ ಬೇಕು. ಲಿಖಿತ ಆಕ್ಷೇಪ ಸಲ್ಲಿಸಿದವನಿಗೂ ಅಲ್ಲಿ ಸ್ಥಾನ ಬೇಕು. ತೀರ್ಪಿಗೆ ಕಾಲದ ಮಿತಿ ಬೇಕು. ಇದು ಶಾಸಕಾಂಗದ ಕೆಲಸ. ನಮ್ಮ ಕೈಯಲ್ಲಿ ಈಗಲೇ ಇರುವ ಕೆಲಸವೂ ಒಂದಿದೆ. 37ನೆಯ ಕಲಮಿನ ಪ್ರಕಟಣೆಗಳು ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಬರುತ್ತವೆ; ಆಕ್ಷೇಪಿಸಲು ಸಿಗುವುದು ಒಂದು ತಿಂಗಳು. ಪ್ರತಿಯೊಂದು ಕನ್ನಡ ಸಂಘವೂ ತನ್ನ ವಾರ್ಡಿನ ನಕಾಶೆಯನ್ನು ತಂದು ಗೋಡೆಗೆ ತೂಗುಹಾಕಲಿ. ಅಂಥ ಪ್ರಕಟಣೆ ಬಂದಾಗ ಅದನ್ನು ಕನ್ನಡದಲ್ಲಿ ವಿವರಿಸಿ, ಸದಸ್ಯರ ಅರ್ಜಿಗಳನ್ನು ಮರಾಠಿಯಲ್ಲಿ ಬರೆಸಿಕೊಡಲಿ. ನಿವೃತ್ತ ಇಂಜಿನಿಯರರೂ ವಕೀಲರೂ ನಮ್ಮಲ್ಲಿ ಕಡಿಮೆಯಿಲ್ಲ. ರಾಜ್ಯೋತ್ಸವಕ್ಕೆ ವರ್ಷಕ್ಕೊಂದು ದಿನ ಮೀಸಲಿಡುವ ನಾವು, ಬಾಳುವ ನೆಲಕ್ಕಾಗಿ ತಿಂಗಳಿಗೊಂದು ಸಂಜೆಯನ್ನು ಮೀಸಲಿಡಲಾರೆವೇ?