ಕಾಲು ಓಡಿದರೆ ಮನಸ್ಸು ನಿಂತೀತು

ಮೈ ಚಾಪೆಯ ಮೇಲೆ ಬಿದ್ದಿದ್ದರೂ ಮನಸ್ಸು ಊರೂರು ಅಲೆಯುತ್ತದೆ. ತೀರದ ಸಾಲ, ಕೈತಪ್ಪಿದ ಕೆಲಸ, ಆಡಬಾರದೆ ಆಡಿದ ಮಾತು ಎಲ್ಲವನ್ನೂ ಕೆದಕಿ ಕೆದಕಿ ದಣಿಯುತ್ತದೆ. ಹೀಗೆ ದಣಿದವನಿಗೆ ನಂಟರಿಷ್ಟರು ಹೇಳುವ ಸಮಾಧಾನ ಸಾಮಾನ್ಯವಾಗಿ ಒಂದೇ: “ಮನಸ್ಸು ಗಟ್ಟಿ ಮಾಡಿಕೊಳ್ಳಪ್ಪ.” ಕಾಯಿಲೆ ಬಂದಿರುವುದೂ ಮನಸ್ಸಿಗೆ, ಅದನ್ನು ಗಟ್ಟಿಮಾಡಬೇಕಾದುದೂ ಅದೇ ಮನಸ್ಸು ಎಂದರೆ, ಕಾಲು ಮುರಿದುಕೊಂಡವನನ್ನೇ ವೈದ್ಯನನ್ನು ಕರೆತರಲು ಅಟ್ಟಿದಂತಾಗಲಿಲ್ಲವೆ? ಮನಸ್ಸಿನ ಮುಂಬಾಗಿಲು ಮುಚ್ಚಿದ್ದರೆ ದೇಹದ ಹಿತ್ತಿಲ ಬಾಗಿಲಿನಿಂದ ಅದನ್ನು ಮುಟ್ಟಲಾದೀತೆ ಎಂದು ವೈದ್ಯರು ಯೋಚಿಸತೊಡಗಿ ದಶಕಗಳೇ ಕಳೆದಿವೆ. ಆ ಯೋಚನೆಗೆ ದೊರೆತ ಉತ್ತರಗಳಲ್ಲಿ ಓಟವೂ ಒಂದು.

ಓಟಗಾರರ ಉತ್ಸಾಹದ ಮಾತನ್ನಷ್ಟೇ ನಂಬಿ ಈ ಉತ್ತರವನ್ನು ಒಪ್ಪಬೇಕಾಗಿಲ್ಲ. ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದಲ್ಲಿರುವ ಡ್ಯೂಕ್ ವಿಶ್ವವಿದ್ಯಾನಿಲಯದ ಜೇಮ್ಸ್ ಬ್ಲೂಮೆಂತಾಲ್ ಮತ್ತು ಅವರ ಸಂಗಡಿಗರು ಒಂದು ಪ್ರಯೋಗವನ್ನು ನಡೆಸಿ, ಅದರ ಫಲಿತಾಂಶವನ್ನು 1999ರಲ್ಲಿ ಪ್ರಕಟಿಸಿದರು. ಖಿನ್ನತೆಯ ಕಾಯಿಲೆಯಿಂದ ನರಳುತ್ತಿದ್ದ, 50 ವರ್ಷ ತುಂಬಿದ 156 ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಯಾರು ಯಾವ ಗುಂಪಿಗೆಂಬುದನ್ನು ಚೀಟಿಯೆತ್ತಿದಂತೆ ಅದೃಷ್ಟಕ್ಕೆ ಬಿಟ್ಟರು. ಒಂದು ಗುಂಪಿಗೆ ಸರ್ಟ್ರಲಿನ್ ಎಂಬ ಔಷಧ, ಇನ್ನೊಂದಕ್ಕೆ ವ್ಯಾಯಾಮ, ಮೂರನೆಯದಕ್ಕೆ ಎರಡೂ. ವ್ಯಾಯಾಮವೆಂದರೆ ಮಹಾಸಾಹಸವೇನೂ ಅಲ್ಲ. ವಾರಕ್ಕೆ ಮೂರು ದಿನ, ಒಮ್ಮೆಗೆ 30 ನಿಮಿಷ, ಬಿರುಸಿನ ನಡಿಗೆ ಇಲ್ಲವೆ ನಿಧಾನದ ಓಟ.

ಮೊದಮೊದಲು ಔಷಧವೇ ಚುರುಕಾಗಿ ಕೆಲಸ ಮಾಡಿತು. ಆದರೆ 16 ವಾರಗಳು ಮುಗಿಯುವ ಹೊತ್ತಿಗೆ ಮೂರು ಗುಂಪುಗಳೂ ಹೆಚ್ಚುಕಡಮೆ ಒಂದೇ ಮಟ್ಟಕ್ಕೆ ಬಂದು ನಿಂತವು. ನೂರಕ್ಕೆ 60ರಿಂದ 69ರಷ್ಟು ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಹೆಚ್ಚಿನ ಅಚ್ಚರಿ ಕಾದಿದ್ದುದು ಆಮೇಲೆ. ಪ್ರಯೋಗ ಆರಂಭವಾದ ಹತ್ತು ತಿಂಗಳಿಗೆ ಅವರನ್ನು ಮತ್ತೆ ಪರೀಕ್ಷಿಸಿದಾಗ, ಗುಣಹೊಂದಿದವರ ಪೈಕಿ ರೋಗ ಮರುಕಳಿಸಿದ್ದವರು ಔಷಧದ ಗುಂಪಿನಲ್ಲಿ ನೂರಕ್ಕೆ 38, ಎರಡನ್ನೂ ಪಡೆದವರಲ್ಲಿ 31, ಬರಿಯ ವ್ಯಾಯಾಮದ ಗುಂಪಿನಲ್ಲಿ ಕೇವಲ 8. ಔಷಧವನ್ನೂ ವ್ಯಾಯಾಮವನ್ನೂ ಕೂಡಿಸಿದರೆ ಫಲ ಇಮ್ಮಡಿಯಾಗಬೇಕಿತ್ತಲ್ಲ? ಹಾಗಾಗಲಿಲ್ಲ. ಮಾತ್ರೆಯಿಂದ ಗುಣವಾಯಿತೆಂದುಕೊಳ್ಳುವವನಿಗಿಂತ, ಇದು ತನ್ನ ಬೆವರಿನ ಗಳಿಕೆಯೆಂದು ಬಗೆದವನಿಗೆ ತನ್ನ ಮೇಲೆ ನಂಬಿಕೆ ಹೆಚ್ಚಾಗಿ ಕುದುರಿದ್ದೀತು ಎಂಬುದು ಸಂಶೋಧಕರ ಊಹೆ.

ಹೀಗೆಂದು ಈ ಒಂದೇ ಪ್ರಯೋಗದ ಬಲದಿಂದ ಡಂಗುರ ಹೊಡೆಯುವುದೂ ತರವಲ್ಲ. ಅದರಲ್ಲಿ ಸೇರಿದವರು ವ್ಯಾಯಾಮಕ್ಕೆ ಮನಸ್ಸಿದ್ದೇ ಬಂದವರು. ಅದೇ ತಂಡ 2007ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ 202 ಮಂದಿಯಿದ್ದರು. ಔಷಧ ಸೇವಿಸಿದವರಲ್ಲಿ ನೂರಕ್ಕೆ 47, ಇತರರೊಡನೆ ಕಲೆತು ವ್ಯಾಯಾಮ ಮಾಡಿದವರಲ್ಲಿ 45, ಮನೆಯಲ್ಲಿಯೇ ಮಾಡಿದವರಲ್ಲಿ 40 ಮಂದಿ ಗುಣಹೊಂದಿದರು. ಸತ್ತ್ವವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿಯೂ 31 ಮಂದಿ ಚೇತರಿಸಿಕೊಂಡರು. ಆದುದರಿಂದ ಓಟವು ಸಂಜೀವಿನಿಯಲ್ಲ. ಔಷಧದ ಸಾಲಿನಲ್ಲಿ ಕುಳಿತುಕೊಳ್ಳುವ ಯೋಗ್ಯತೆ ಅದಕ್ಕುಂಟು ಎನ್ನುವಷ್ಟನ್ನು ಧೈರ್ಯವಾಗಿ ಹೇಳಬಹುದು.

ಓಡುವವನ ಮನಸ್ಸು ಹಗುರವಾಗುವುದು ಹೇಗೆ? ದೇಹವೇ ತಯಾರಿಸಿಕೊಳ್ಳುವ, ಅಫೀಮಿನಂತೆ ನೋವನ್ನು ಮರೆಸುವ ಎಂಡಾರ್ಫಿನ್ ಎಂಬ ದ್ರವ್ಯವೇ ಇದಕ್ಕೆ ಕಾರಣವೆಂದು ಬಹುಕಾಲ ಹೇಳುತ್ತಿದ್ದರು. 2008ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ವಿಜ್ಞಾನಿಗಳು, ಎರಡು ಗಂಟೆ ಓಡಿ ಬಂದ ಹತ್ತು ಮಂದಿ ಓಟಗಾರರ ಮಿದುಳನ್ನು ಯಂತ್ರದಿಂದ ಪರೀಕ್ಷಿಸಿ, ಆ ಮಾತಿಗೆ ಪುಷ್ಟಿಯನ್ನೂ ಒದಗಿಸಿದರು. ಆದರೆ 2021ರಲ್ಲಿ ಅದೇ ದೇಶದ ಹ್ಯಾಂಬರ್ಗಿನಲ್ಲಿ ಕತೆ ತಿರುವು ಪಡೆಯಿತು. ಅಲ್ಲಿ 63 ಮಂದಿಯನ್ನು 45 ನಿಮಿಷಗಳ ಕಾಲ ಓಡಿಸಿದರು. ಎಂಡಾರ್ಫಿನ್ನಿನ ಪರಿಣಾಮವನ್ನು ತಡೆಯುವ ಮದ್ದನ್ನು ಕೊಟ್ಟು ಓಡಿಸಿದಾಗಲೂ ಅವರ ಉಲ್ಲಾಸ ಕುಂದಲಿಲ್ಲ, ಆತಂಕ ಇಳಿಯುವುದೂ ತಪ್ಪಲಿಲ್ಲ. ಅಂದಮೇಲೆ ಬೇರೊಂದು ದ್ರವ್ಯದ ಕೈವಾಡವಿರಬೇಕು.

ಆ ಬೇರೆ ದ್ರವ್ಯಗಳಲ್ಲಿ ಒಂದರ ಹೆಸರು ಕನ್ನಡಿಗರ ಕಿವಿಗೆ ಪರಿಚಿತವಾಗಿ ಕೇಳಿಸುತ್ತದೆ. ಗಾಂಜಾದ ಸತ್ತ್ವವು ಮಿದುಳಿನಲ್ಲಿ ಯಾವ ಕದವನ್ನು ತಟ್ಟುತ್ತದೆಯೋ ಅದೇ ಕದವನ್ನು ತಟ್ಟಬಲ್ಲ ದ್ರವ್ಯವೊಂದು ಮಿದುಳಿನಲ್ಲಿಯೇ ಹುಟ್ಟುತ್ತದೆಂದು ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯದ ರಾಫೆಲ್ ಮೆಕೂಲಮ್ ಅವರ ಪ್ರಯೋಗಶಾಲೆಯಲ್ಲಿ 1992ರಲ್ಲಿ ಪತ್ತೆಯಾಯಿತು. ಕಂಡುಹಿಡಿದವರು ಹೆಸರಿಗಾಗಿ ಸಂಸ್ಕೃತದ ಮೊರೆಹೊಕ್ಕು, ‘ಆನಂದ’ ಶಬ್ದದಿಂದ ಅದನ್ನು ‘ಆನಂದಮೈಡ್’ ಎಂದು ಕರೆದರು. ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿರುವ ಕಾವಲನ್ನು ಎಂಡಾರ್ಫಿನ್ ಸುಲಭವಾಗಿ ದಾಟಲಾರದು; ಕೊಬ್ಬಿನಲ್ಲಿ ಕರಗುವ ಆನಂದಮೈಡ್ ದಾಟಬಲ್ಲುದು. ಓಟದ ತರುವಾಯ ರಕ್ತದಲ್ಲಿ ಇದರ ಪ್ರಮಾಣ ಏರುತ್ತದೆ. ಇದೊಂದರಿಂದಲೇ ಎಲ್ಲ ಒಗಟೂ ಬಿಡಿಸಿತೆಂದಲ್ಲ. ಆದರೂ ಹಣ ತೆತ್ತು ಕೊಳ್ಳಬೇಕಾಗಿಲ್ಲದ ಆನಂದದ ಬುತ್ತಿಯೊಂದು ಮೈಯಲ್ಲಿಯೇ ಕಟ್ಟಿಟ್ಟಿದೆ ಎಂಬುದು ಸಣ್ಣ ಸಮಾಧಾನವಲ್ಲ.

ಆ ಬುತ್ತಿಯನ್ನು ಬಿಚ್ಚಲು ವೇಗ ಬೇಕಿಲ್ಲ. ಓಡುತ್ತಲೇ ಜೊತೆಗಾರನೊಡನೆ ನಾಲ್ಕು ಮಾತು ಆಡಲು ಉಸಿರು ಉಳಿದಿದ್ದರೆ ಆ ಗತಿ ಸಾಕು. ಅಭ್ಯಾಸವಿಲ್ಲದವರು ಐದು ನಿಮಿಷ ನಡೆದು, ಒಂದು ನಿಮಿಷ ಓಡಿ, ಮತ್ತೆ ನಡೆಯಲಿ. ವಾರಕ್ಕೊಮ್ಮೆ ಮೈ ಮುರಿಯುವಂತೆ ಓಡುವುದಕ್ಕಿಂತ ದಿನ ಬಿಟ್ಟು ದಿನ ಅರ್ಧ ಗಂಟೆ ಓಡುವುದು ಲೇಸು. ಹೃದ್ರೋಗವೋ ಕೀಲುನೋವೋ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು.

ಇಷ್ಟೆಲ್ಲ ಓದಿದ ಮೇಲೆ, ಮನೆಯ ಮೂಲೆಯಲ್ಲಿ ಮಂಕಾಗಿ ಕುಳಿತ ತಮ್ಮನಿಗೋ ಮಗಳಿಗೋ “ಎದ್ದು ಓಡು, ಎಲ್ಲ ಸರಿಹೋಗುತ್ತದೆ” ಎಂದು ಗದರಿಸುವವರು ಹುಟ್ಟಿಕೊಂಡರೆ, ಹಳೆಯ ಉಪದೇಶದ ಜಾಗಕ್ಕೆ ಹೊಸದೊಂದು ಬಂದಂತಾಯಿತು, ಅಷ್ಟೆ. ಖಿನ್ನತೆ ಮೊದಲು ಕದಿಯುವುದು ಏಳುವ ಶಕ್ತಿಯನ್ನೇ. ಹೊಸ್ತಿಲು ದಾಟುವುದು ಅವರಿಗೆ ಬೆಟ್ಟ ಹತ್ತಿದಷ್ಟು ಕಷ್ಟ. ಅದನ್ನು ಸೋಮಾರಿತನವೆಂದು ಹಳಿದರೆ ಗಾಯದ ಮೇಲೆ ಬರೆಯೆಳೆದಂತೆ. ಅವರಿಗೆ ಬೇಕಾದುದು “ಬಾ, ನಾನೂ ಬರುತ್ತೇನೆ” ಎಂದು ಕೈಹಿಡಿದು ಬೀದಿಯ ತುದಿಯವರೆಗೆ ನಡೆಸುವವರು. ನಡೆಯುತ್ತಿರುವ ಔಷಧವನ್ನು ವೈದ್ಯರ ಮಾತಿಲ್ಲದೆ ಬಿಡಿಸಬಾರದು. ಬದುಕೇ ಬೇಡವೆಂಬ ಮಾತು ಬಾಯಿಂದ ಬಂದರಂತೂ ಓಟದ ಮಾತನ್ನು ಬದಿಗಿಟ್ಟು, ಒಡನೆಯೇ ವೈದ್ಯರ ಬಳಿಗೆ ಕರೆದೊಯ್ಯಬೇಕು; 2022ರಲ್ಲಿ ಭಾರತ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಎಂಬ ದೂರವಾಣಿ ಸಂಖ್ಯೆಯಿಂದಲೂ ನೆರವು ಪಡೆಯಬಹುದು.

ಪಂದ್ಯದ ಓಟದಲ್ಲಿ ಗೆಲ್ಲುವವನು ಒಬ್ಬನೇ, ಉಳಿದವರೆಲ್ಲ ಸೋತವರು. ಈ ಓಟದ ನ್ಯಾಯವೇ ಬೇರೆ. ಇಲ್ಲಿ ಎಲ್ಲರಿಗಿಂತ ಹಿಂದೆ, ಏದುಸಿರು ಬಿಡುತ್ತ, ನಡುನಡುವೆ ನಿಲ್ಲುತ್ತ ಬಂದವನಿಗೂ ಬಹುಮಾನ ಉಂಟು. ಅವನ ಜೊತೆಗೆಂದು ನಿಂತು ನಿಂತು ಬಂದವನಿಗೂ ಅದರಲ್ಲಿ ಪಾಲು ಉಂಟು.